ಕರಗದ ಚೀಸಿಗಾಗಿ ಬಳ್ಳಾರಿಲಿ ಅಲೆದಿದ್ದು

ಮೊನ್ನೆ ನನ್ನ ಬಾಮೈದ ಮನೆಗೆ ಬಂದವನು ತಣ್ಣೀರು ಬೇಕು ಅಂತ ಫ್ರಿಜ್ ತೆಗೆದ, ಕೆಳಗಡೆ ತರಕಾರಿ ಡಬ್ಬಿಲಿ ಬಿಳಿ ಪಂಚೆ ತುಂಡಲ್ಲಿ ಸುತ್ತಿಟ್ಟಿದ್ದನ್ನ ನೋಡಿ ಮೂಗು ಮುಚ್ಚಿಕೊಂಡು "ಭಾವ, ಇದೇನ್ರಿ ವಾಸ್ನಿ, ಕುರಿ ಸತ್ತಂಗೈತಲ್ಲ" ಅಂದ. ಸತ್ತಿಲ್ಲಪ್ಪ, ಕುರಿಗಳೆಲ್ಲ ಆರಾಮದಾವೆ, ಸಿರುಗುಪ್ಪ ಕಡೆ ಮೇಯ್ತಾ ಇದಾವೆ, ಇದು ಅವುಗಳ ಹಾಲಿಂದ ಮಾಡಿದ ಚೀಸು, ಅಂತ ಹೇಳೋಕೆ ಶುರು ಮಾಡಿದ್ರೆ ಒಂದು ಗಂಟೆ ಹಿಡೀತು. ಕಥೆ ಕೇಳ್ತಾ ಕೇಳ್ತಾ ಅವನು ಎರಡು ಸಲ ಚಾ ಕುಡಿದ. ಅದಕ್ಕೇ ಬರೆದೇ ಬಿಡ್ತೀನಿ, ಇನ್ನು ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿದ್ರಾಯ್ತು.

ನಾನು 2013ರಲ್ಲಿ ಎಂಎಸ್ ಮಾಡೋಕೆ ಶಿಕಾಗೊಗೆ ಹೋದೆ. ಇಲಿನಾಯ್ ಯೂನಿವರ್ಸಿಟಿಯ ಶಿಕಾಗೊ ಕ್ಯಾಂಪಸ್ಸು. ಕ್ಯಾಂಪಸ್ಸಿಗೆ ಅಂಟಿಕೊಂಡೇ ಹಾಲ್‌ಸ್ಟೆಡ್ ಅನ್ನೋ ರೋಡು, ಆ ರೋಡಲ್ಲಿ ಹೈವೇ ಸೇತುವೆ ದಾಟಿ ಉತ್ತರಕ್ಕೆ ನಾಕು ಹೆಜ್ಜೆ ಹಾಕಿದ್ರೆ ಗ್ರೀಕ್ ಟೌನು. ಮೊದಲ ಚಳಿಗಾಲ ಎಂಥದ್ದು ಬಂತಪ್ಪ ಅಂದ್ರೆ, 2014ರ ಜನವರಿ 6ನೇ ತಾರೀಕು ಬೆಳಗ್ಗೆ ಮೈನಸ್ 27 ಡಿಗ್ರಿ. ಬಳ್ಳಾರಿಲಿ 42 ಡಿಗ್ರಿ ಬಿಸಿಲಲ್ಲಿ ಕ್ರಿಕೆಟ್ ಆಡಿ ಬೆಳೆದವನಿಗೆ ಮೂಗಿನ ಒಳಗಿನ ಕೂದಲು ಹೆಪ್ಪುಗಟ್ಟೋದು ಅಂದ್ರೇನು ಅಂತ ಅವತ್ತು ಗೊತ್ತಾಯ್ತು. ಆ ವಾರಾನೇ ರೂಮ್‌ಮೇಟ್ ಹುಟ್ಟಿದಹಬ್ಬ, ಅವನು ಅನಂತಪುರದವನು, ನಮ್ಮನೇರ ಪಕ್ಕದೂರು ಅಂತ ಅಲ್ಲಿ ಹೋಗಿ ಭಾಳ ದೋಸ್ತಿ ಆಗಿದ್ವಿ, ದೂರ ಹೋಗೋಕೆ ಆಗಲ್ಲ ನಡೀಲೇ ಇಲ್ಲೇ ಯಾವುದೋ ಗ್ರೀಕ್ ಹೋಟ್ಲಿಗೆ ಹೋಗಾಣ ಅಂತ ನುಗ್ಗಿದ್ವಿ. ಆ ಹೋಟ್ಲು ಪಾರ್ಥೆನಾನ್.

ನಾನು ವೆಜ್ಜು. ಮೆನುಲಿ ಚೀಸು ಅಂತ ಕಂಡ ಒಂದೇ ಕಾರಣಕ್ಕೆ ಸಾಗನಾಕಿ ಅನ್ನೋದನ್ನ ಹೇಳಿದೆ. ವೇಟರು ಒಂದು ಸಣ್ಣ ಪ್ಯಾನು ಹಿಡ್ಕೊಂಡು ಬಂದ, ಅದರಲ್ಲಿ ಇಟ್ಟಿಗೆ ತುಂಡಿನಂಗೆ ಹೊಂಬಣ್ಣಕ್ಕೆ ಕರಿದ ಚೀಸು, ಸುಯ್ಯ್ ಅಂತಿದೆ, ನಾನು ಫೋರ್ಕ್ ಎತ್ತೋದ್ರೊಳಗೆ ಅದರ ಮೇಲೆ ಬ್ರಾಂಡಿ ಸುರುವಿದ, ಲೈಟರ್ ಹಚ್ಚಿದ, ಭಗ್ ಅಂತ ಬೆಂಕಿ ಎದ್ದು ನನ್ನ ಹುಬ್ಬಿನ ಮಟ್ಟಕ್ಕೆ ಬಂತು, ಇಡೀ ಹೋಟ್ಲು "ಓಪಾ!" ಅಂತ ಕೂಗ್ತು, ನಾನು ಕುರ್ಚಿ ಸಮೇತ ಹಿಂದಕ್ಕೆ ಹೋದೆ. ಆಮೇಲೆ ಅವನು ಏನೂ ಆಗೇ ಇಲ್ಲ ಅನ್ನೋ ಹಂಗೆ ನಿಂಬೆಹಣ್ಣು ಹಿಂಡಿ ಬೆಂಕಿ ಆರಿಸಿ ಹೊರಟೋದ.

ತಿಂದೆ. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಮೆತ್ತಗೆ, ಆದ್ರೆ ಪಿಜ್ಜಾ ಚೀಸಿನಂಗೆ ಹರಿದು ಪ್ಲೇಟೆಲ್ಲ ಆಗಲ್ಲ, ನಿಂತ ಕಡೆ ನಿಂತಿರುತ್ತೆ, ಕಚ್ಚಿದ್ರೆ ಮಾತ್ರ ಸೋಲುತ್ತೆ. ಉಪ್ಪು ಸ್ವಲ್ಪ ಜಾಸ್ತಿ, ಅದಕ್ಕೆ ನಿಂಬೆಹುಳಿ. ಇದೆಲ್ಲದರ ಹಿಂದೆ ಒಂದು ವಾಸನೆ ಇತ್ತು. ಕೆಟ್ಟ ವಾಸನೆ ಅಲ್ಲ. ಎಲ್ಲೋ ಗೊತ್ತಿರೋ ವಾಸನೆ, ಆದ್ರೆ ಎಲ್ಲಿ ಅಂತ ನೆನಪಾಗ್ತಿಲ್ಲ, ಬಸ್‌ಸ್ಟ್ಯಾಂಡಲ್ಲಿ ಯಾರೋ ನಮಸ್ಕಾರ ಹೊಡೀತಾರೆ ನಾವೂ ಹೊಡೀತೀವಿ, ಯಾರು ಅಂತ ಮಾತ್ರ ಗೊತ್ತಾಗಲ್ಲ ನೋಡ್ರಿ, ಹಂಗೆ. ಒಂಬತ್ತು ವರ್ಷ ಅಲ್ಲಿದ್ದೆ, ಎಷ್ಟು ಸಲ ತಿಂದೆನೋ ಲೆಕ್ಕ ಇಲ್ಲ, ಪ್ರತಿ ಸಲ ಆ ವಾಸನೆ ಬಂದಾಗ ಯಾರಪ್ಪ ಇವನು ಅನಿಸ್ತಿತ್ತು.

ಸಾಗನಾಕಿ ಅಂದ್ರೆ ಚೀಸಿನ ಹೆಸರಲ್ಲ, ಪಾತ್ರೆ ಹೆಸರು, ಇದು ಭಾಳ ದಿನ ಆದಮೇಲೆ ಗೊತ್ತಾಯ್ತು. ಸಾಗನಿ ಅಂದ್ರೆ ಎರಡು ಕಿವಿ ಇರೋ ಪ್ಯಾನು, ಸಾಗನಾಕಿ ಅಂದ್ರೆ ಚಿಕ್ಕ ಸಾಗನಿ. ಮೂಲ ತುರ್ಕಿ ಭಾಷೆಯ ಸಹಾನ್ ಅನ್ನೋ ಪದವಂತೆ. ಅದರಲ್ಲಿ ಸೀಗಡಿ, ಟೊಮೇಟೊ, ಫೆಟಾ ಚೀಸು ಹಾಕಿ ಮಾಡಿದ್ರೆ ಅದೂ ಸಾಗನಾಕಿನೇ. ನಮ್ಮ ಕಡಾಯಿ ಪನ್ನೀರ್ ಇದ್ದಂಗೆ, ಪಾತ್ರೆ ಹೆಸರೇ ತಿಂಡಿಗೆ ಕೂತಿದೆ. ಇನ್ನು ಆ ಬೆಂಕಿ ಹಚ್ಚೋ ನಾಟಕ ಗ್ರೀಸ್ ದೇಶದ್ದಲ್ಲವೇ ಅಲ್ಲ, ಅಲ್ಲಿ ಸುಮ್ನೆ ಕರಿದು ನಿಂಬೆ ಹಿಂಡಿ ತಿಂತಾರೆ. ಶಿಕಾಗೊದಲ್ಲಿ ಅದನ್ನ ಶುರು ಮಾಡಿದ್ದು ತಾವೇ ಅಂತ ಹೇಳ್ಕೋತಿದ್ದವರು ಇದೇ ಪಾರ್ಥೆನಾನ್ ಹೋಟ್ಲಿನ ಲಿಯಾಕೂರಸ್ ಅಣ್ಣತಮ್ಮಂದಿರು, 1968ರಲ್ಲಿ ಹೋಟ್ಲು ತೆಗೆದಾಗ. 2016ರ ಸೆಪ್ಟೆಂಬರಲ್ಲಿ ಹೋಟ್ಲು ಮುಚ್ಚಿತು. ನಾನಾಗ ಅದೇ ಊರಲ್ಲಿದ್ದೆ, ಕೊನೇ ಸಲ ಹೋಗಿ ತಿನ್ನಾಣ ಅಂತ ಅನ್ಕೊಂಡಿದ್ದೇ ಬಂತು, ಆಫೀಸು ಅದು ಇದು ಅಂತ ಹೋಗೋಕಾಗ್ಲಿಲ್ಲ. ಸಾಗನಾಕಿ ಮಾಡೋ ಬೇರೆ ಹೋಟ್ಲುಗಳು ಅದೇ ರೋಡಲ್ಲಿದ್ವು, ಅಲ್ಲಿ ತಿಂದೆ. ಆದ್ರೂ.

ಆ ಗ್ರೀಕ್ ಟೌನ್ ಬಗ್ಗೆ ಇನ್ನೊಂದು ಹೇಳ್ಬೇಕು. ಅದು ಗ್ರೀಕರ ಹಳೇ ಜಾಗ ಅಲ್ಲ. ಹಳೇ ಓಣಿ ಸ್ವಲ್ಪ ದಕ್ಷಿಣಕ್ಕಿತ್ತು, ಹೈವೇ ಕಟ್ಟಿದಾಗ ಸ್ವಲ್ಪ ಹೋಯ್ತು, ಉಳಿದಿದ್ದು ನಮ್ಮ ಯೂನಿವರ್ಸಿಟಿ ಕಟ್ಟಿದಾಗ ಹೋಯ್ತು. ಕ್ಯಾಂಪಸ್ಸು ಶುರುವಾಗಿದ್ದು 1965ಕ್ಕೆ. ಅಂದ್ರೆ ನಾನು ಕೂತು ಓದಿದ ಕಾಲೇಜೇ ಅವರ ಮನೆ ಕೆಡವಿದ ಜಾಗದಲ್ಲಿ ಕಟ್ಟಿದ್ದು, ಅವರು ನಾಕು ಹೆಜ್ಜೆ ಉತ್ತರಕ್ಕೆ ಸರಿದು ಚೀಸು ಕರಿಯೋಕೆ ಶುರು ಮಾಡಿದ್ದು. ಇದನ್ನ ಫೋನಲ್ಲಿ ಅಜ್ಜಿಗೆ ಹೇಳಿದಾಗ "ಹಂಗಾದ್ರ ಅವ್ರೂ ನಮ್ಮಂಗ ಮುಳುಗಡಿ ಮಂದಿ ಅನ್ನು" ಅಂದಿದ್ಲು. ನಮ್ಮಜ್ಜಿ ತವರು ನಾರಾಯಣದೇವರಕೆರೆ. ತುಂಗಭದ್ರಾ ಡ್ಯಾಮಿಗೆ ನೀರು ನಿಂತಾಗ ಊರು ಮುಳುಗ್ತು, ಜನ ಮರಿಯಮ್ಮನಹಳ್ಳಿಗೆ ಬಂದ್ರು, ಡ್ಯಾಮು ಮುಗಿದಿದ್ದು 1953. ಈಗ ಮರಿಯಮ್ಮನಹಳ್ಳಿ ವಿಜಯನಗರ ಜಿಲ್ಲೆ, ನಮ್ಮ ಕಾಲಕ್ಕೆ ಬಳ್ಳಾರಿ ಜಿಲ್ಲೆನೇ. ಮುಂದೆ ಬೇಕಾಗುತ್ತೆ, ನೆನಪಿಟ್ಕೊಳ್ರಿ.

2022ರಲ್ಲಿ ವಾಪಸ್ ಬಂದೆ. ಅಪ್ಪನ ಜೀನ್ಸ್ ಹೊಲಿಯೋ ಯುನಿಟ್ಟು, ಅವರಿಗೆ ಮಂಡಿನೋವು, ನನಗೂ ಸಾಕಾಗಿತ್ತು, ಮನೆಯಿಂದಲೇ ಕೆಲಸ ಮಾಡು ಅಂತ ಕಂಪನಿನೂ ಬಿಡ್ತು. ಬಂದು ಆರು ತಿಂಗಳು ಸಾಗನಾಕಿ ನೆನಪೇ ಆಗ್ಲಿಲ್ಲ ಅಂದ್ರೆ ನಂಬಬೇಕು, ದಿನಾ ಬೆಳಗ್ಗೆ ಒಗ್ಗರಣಿ ಮಿರ್ಚಿ ತಿನ್ನೋ ಸಂಭ್ರಮದಲ್ಲೇ ಇದ್ದೆ, ಒಂಬತ್ತು ವರ್ಷದ ಬಾಕಿ ತೀರಿಸ್ಬೇಕಲ್ಲ. ಆಮೇಲೊಂದು ದಿನ ರಾತ್ರಿ, ಕರೆಂಟ್ ಹೋಗಿತ್ತು, ಮಾಳಿಗೆ ಮೇಲೆ ಮಲಗಿದ್ದೆ, ಯಾರ ಮನೇಲೋ ಏನೋ ಕರೀತಿದ್ರು, ಎಣ್ಣೆ ವಾಸನೆ ಮತ್ತೆ ಎಲ್ಲಿಂದಲೋ ನಿಂಬೆ, ಅಷ್ಟೇ. ಬಾಯಲ್ಲಿ ನೀರು. ಮಾರನೇ ದಿನದಿಂದ ಹುಡುಕಾಟ.

ಮೊದಲು ಹೋಟ್ಲುಗಳು. ರಾಯಲ್ ಸರ್ಕಲ್ ಸುತ್ತಮುತ್ತ ಇರೋ ದೊಡ್ಡ ಹೋಟ್ಲುಗಳಿಂದ ಹಿಡಿದು ಗಾಂಧಿನಗರದ ಹೊಸ ಕೆಫೆಗಳವರೆಗೂ ಮೆನು ತಿರುವಿ ಹಾಕಿದೆ. ಒಂದು ಕಡೆ ಮೆನುಲಿ ಗ್ರೀಕ್ ಸಲಾಡ್ ಅಂತ ಇತ್ತು, ಖುಷಿಯಿಂದ ಹೇಳಿದ್ರೆ ಸೌತೆಕಾಯಿ, ಈರುಳ್ಳಿ, ಅದರ ಮೇಲೆ ತುರಿದ ಪನ್ನೀರು, ಮೇಲೊಂದಿಷ್ಟು ಚಾಟ್ ಮಸಾಲಾ. ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಇನ್ನೊಂದು ಕಡೆ ವೇಟರ್ ಹುಡುಗನಿಗೆ ಪೂರ್ತಿ ವಿವರಿಸಿದೆ, ಚೀಸು ದಪ್ಪಗೆ ಕತ್ತರಿಸಿ, ಹಿಟ್ಟಲ್ಲಿ ಹೊರಳಿಸಿ, ಕರಿದು, ಎರಡು ಕಿವಿ ಇರೋ ಪ್ಯಾನಲ್ಲೇ ತಂದು ಇಡ್ತಾರೆ ಅಂತ. ಅವನು ತಾಳ್ಮೆಯಿಂದ ಕೇಳಿ "ಸರ್, ಕಡಾಯಿ ಪನ್ನೀರ್ ತರ್ಲಾ?" ಅಂದ. ಆಗ ಉರಿದುಹೋಯ್ತು. ಮನೆಗೆ ಬಂದು ಯೋಚನೆ ಮಾಡಿದಾಗ ಪಾತ್ರೆ ಲೆಕ್ಕದಲ್ಲಿ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ ಅಂತ ಗೊತ್ತಾಯ್ತು, ಟಿಪ್ಸ್ ಕೊಡಬೇಕಿತ್ತು.

ಆಮೇಲೆ ಹಂಪಿ ಕಡೆ. ಫಾರಿನ್ನೋರು ಬರ್ತಾರೆ, ಅಲ್ಲಿ ಸಿಗದೇ ಇರುತ್ತಾ ಅಂತ. ನಾನು ಕಾಲೇಜಲ್ಲಿದ್ದಾಗ ಹೊಳೆ ಆಚೆ ವಿರೂಪಾಪುರ ಗಡ್ಡೆಲಿ ಹಮ್ಮಸ್ಸು, ಶಕ್ಷುಕಾ ಅಂತೆಲ್ಲ ಇಸ್ರೇಲಿ ತಿಂಡಿ ನಮ್ಮ ಗಂಗಾವತಿ ಹುಡುಗರೇ ಮಾಡಿ ಹಾಕ್ತಿದ್ರು. ಆದ್ರೆ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು ಗಡ್ಡೆ ಮೇಲಿನ ಗೆಸ್ಟ್‌ಹೌಸೆಲ್ಲ ಕೆಡವಿದ್ರು, ಈಗ ಅಲ್ಲೇನಿಲ್ಲ. ಆನೆಗುಂದಿ, ಸಣಾಪುರ ಕಡೆ ಹೋಗಿ ಕೇಳಿದೆ. ಒಂದು ಕೆಫೆಲಿ ಒಬ್ಬ ಹುಡುಗ, ಮೊದಲು ಗಡ್ಡೆಲಿ ಅಡುಗೆ ಮಾಡ್ತಿದ್ದನಂತೆ, "ಹಲ್ಲೂಮಿ ಅಂತಾರಲ್ಲಣ್ಣ, ಅದನ್ನ ಯಾರೋ ಒಂದ್ಸಲ ಬ್ಯಾಗ್‌ನ್ಯಾಗ ತಂದು ಕೊಟ್ಟಿದ್ರು, ಹಂಚಿನ ಮ್ಯಾಲ ಸುಟ್ಟು ಕೊಟ್ಟಿದ್ದೆ, ಕರಗಲೇ ಇಲ್ಲ, ರಬ್ಬರ್ ಕೊಟ್ಟಾರೇನೋ ಅಂದ್ಕೊಂಡೆ" ಅಂದ. ಅವನ ಮಾತು ಕೇಳಿ ನನಗೆ ಒಂದು ಖುಷಿ, ಕರಗದೇ ಇರೋ ಚೀಸನ್ನ ನೋಡಿರೋ ಇನ್ನೊಬ್ಬ ಮನುಷ್ಯ ಈ ಸೀಮೆಲಿ ಇದಾನಲ್ಲ ಅಂತ.

ಸಮಸ್ಯೆ ಇರೋದೇ ಅಲ್ಲಿ, ಕರಗಬಾರದು. ಅಂಗಡಿಲಿ ಸಿಗೋ ಕ್ಯೂಬು, ಸ್ಲೈಸು ಎಲ್ಲ ಪ್ರೊಸೆಸ್ಡ್ ಚೀಸು, ನೀಟಾಗಿ ಕರಗಲಿ ಅಂತಾನೇ ಅದಕ್ಕೆ ಬೇರೆ ಉಪ್ಪುಗಳನ್ನ ಸೇರಿಸಿರ್ತಾರೆ, ಅದನ್ನ ಹಿಟ್ಟಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ರೆ ಒಂದು ನಿಮಿಷಕ್ಕೆ ಹಳದಿ ಕೆರೆ. ಮೊಜರೆಲ್ಲಾ ಇನ್ನೂ ಮೋಸ, ಮೊದಲು ಧೈರ್ಯ ಕೊಟ್ಟು ಆಮೇಲೆ ಕೈ ಬಿಡುತ್ತೆ, ಸೌಟು ಎತ್ತಿದ್ರೆ ಒಲೆಯಿಂದ ಸಿಂಕಿನವರೆಗೂ ದಾರ. ಆ ಬಾಣಲಿ ತಿಕ್ಕಿದ್ದು ನಾನೇ, ಹೆಂಡ್ತಿ ಮುಟ್ಟಲಿಲ್ಲ. ಪನ್ನೀರು ಕರಗಲ್ಲ, ಹುಳಿ ಹಾಕಿ ಒಡೆಸಿದ ಹಾಲಲ್ಲಿ ಸುಣ್ಣದಂಶ ಹೋಗಿ ಒಳಗಿನ ಪ್ರೋಟೀನಿನ ಜಾಲ ಬಿಗಿಯಾಗಿಬಿಡುತ್ತೆ, ಎಷ್ಟು ಕಾಯಿಸಿದ್ರೂ ಕರಗಿ ಹರಿಯಲ್ಲ, ಸರಿ, ಆದ್ರೆ ಅದಕ್ಕೆ ಉಪ್ಪೂ ಇಲ್ಲ ವಾಸನೆನೂ ಇಲ್ಲ, ಕಚ್ಚಿದ್ರೆ ಪುಡಿ. ಎರಡು ದಿನ ಉಪ್ಪುನೀರಲ್ಲಿ ನೆನೆಸಿಟ್ಟು ಕರಿದೆ. ಅಮ್ಮ ಒಂದು ತುಂಡು ತಿಂದು "ಚೊಲೋ ಐತಿ, ಪನ್ನೀರ್ ಬಜ್ಜಿ, ಕಡ್ಲಿಹಿಟ್ಟು ಮರೆತಿ ನೋಡು" ಅಂದ್ರು.

ಅಲ್ಲಿಂದ ಹಲ್ಲೂಮಿ ಕಡೆ ಹೋದೆ. ಅದು ಸೈಪ್ರಸ್ಸಿಂದು, ಹೆಪ್ಪುಗಟ್ಟಿದ ಗಡ್ಡೆಯನ್ನ ಅದರದೇ ತಿಳಿನೀರಲ್ಲಿ ಮತ್ತೆ ಕುದಿ ಬರೋ ಮಟ್ಟಕ್ಕೆ ಬೇಯಿಸ್ತಾರೆ, ಅದಕ್ಕೇ ಹಂಚಿನ ಮೇಲೆ ಕರಗಲ್ಲ. ಬೆಂಗಳೂರಲ್ಲಿ ಸಿಗುತ್ತೆ, ಇನ್ನೂರು ಗ್ರಾಮಿಗೆ ನಾನೂರೈವತ್ತು. ಆನ್‌ಲೈನಲ್ಲಿ ಹಾಕಿದ್ರೆ ನಮ್ಮ ಪಿನ್‌ಕೋಡಿಗೆ ಕಳಿಸಲ್ಲ ಅಂತು. ಮೊದಲ ಸಲ ಯಾವುದೋ ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕ್ಸಿದೆ, ಏಪ್ರಿಲ್ ತಿಂಗಳು, ಬಸ್ಸು ಎಲ್ಲೋ ಕೆಟ್ಟು ನಿಂತು ಮಧ್ಯಾಹ್ನ ಹನ್ನೆರಡಕ್ಕೆ ಬಂತು, ಪ್ಯಾಕೆಟ್ಟು ಬಲೂನಿನಂಗೆ ಊದಿತ್ತು. ಎರಡನೇ ಸಲ ದೋಸ್ತ್ ಒಬ್ಬ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬರ್ತಿದ್ದ, ಅವನ ಕೈಗೆ ಐಸ್ ಹಾಕಿದ ಡಬ್ಬಿ ಕೊಡಿಸಿ ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ನಾನೇ ಇಳಿಸ್ಕೊಂಡೆ, ಮದುಮಗನ್ನ ಇಳಿಸ್ಕೊಂಡಂಗೆ. ಕರಿದೆ, ಸರಿಯಾಗಿ ಬಂತು, ಹೊರಗೆ ಗರಿಗರಿ, ನಿಂಬೆ ಹಿಂಡಿದ್ರೆ ಸುಯ್ಯ್ ಅಂತು. ಮನೆಯೋರಿಗೆಲ್ಲ ಇಷ್ಟ ಆಯ್ತು. ಹಲ್ಲಿಗೆ ಕಿಚಕಿಚ ಅನ್ನುತ್ತೆ ಅಂತ ಮಗಳು ನಕ್ಕಳು. ನನಗೆ ಮಾತ್ರ ಅರ್ಧ. ಪ್ಯಾಕೆಟ್ ಮೇಲೆ ನೋಡಿದ್ರೆ ಬರೀ ಹಸುವಿನ ಹಾಲು ಅಂತಿತ್ತು. ಆ ವಾಸನೆ ಇರಲಿಲ್ಲ.

ಆಗ ಕೂತು ಸರಿಯಾಗಿ ಓದಿದೆ. ಗ್ರೀಸಲ್ಲಿ ಸಾಗನಾಕಿಗೆ ಕೆಫಾಲೋತಿರಿ, ಕೆಫಾಲೋಗ್ರವೇರಾ, ಕಸೇರಿ, ಇಂಥ ಗಟ್ಟಿ ಚೀಸು ಹಾಕ್ತಾರೆ. ಕಸೇರಿಗಂತೂ ಕಾಯ್ದೆನೇ ಇದೆ, ನೂರಕ್ಕೆ ಕನಿಷ್ಠ 80 ಭಾಗ ಕುರಿ ಹಾಲೇ ಇರಬೇಕು, ಉಳಿದಿದ್ದು ಬೇಕಾದ್ರೆ ಮೇಕೆದು. ಕೆಫಾಲೋತಿರಿನೂ ಕುರಿ ಇಲ್ಲಾ ಮೇಕೆ ಹಾಲಿಂದೇ.

ಕುರಿ ಹಾಲು!

ಅಷ್ಟು ಓದಿ ಮೊಬೈಲ್ ಕೆಳಗಿಟ್ಟೆ. ಬಸ್‌ಸ್ಟ್ಯಾಂಡಲ್ಲಿ ನಮಸ್ಕಾರ ಹೊಡೆದವನ ಹೆಸರು ನೆನಪಾಗಿತ್ತು. ಮರಿಯಮ್ಮನಹಳ್ಳಿ, ಬೇಸಿಗೆ ರಜೆ, ಡ್ಯಾಮಿನ ಹಿನ್ನೀರು ಇಳಿದು ಮೈಲಿಗಟ್ಟಲೆ ಹಸುರು ಎದ್ದಿರ್ತಿತ್ತು, ಅಲ್ಲಿ ಕುರಿ ಬರ್ತಿದ್ವು, ಅಜ್ಜಿ ತನ್ನ ಮುಳುಗಿದ ಊರಿನ ಗುಡಿ ಕಲ್ಲು ತೋರಿಸ್ತೀನಿ ಅಂತ ನನ್ನ ಕರ್ಕೊಂಡು ಹೋಗ್ತಿದ್ಲು, ಗುಡಿ ಯಾವತ್ತೂ ಸಿಗ್ತಿರಲಿಲ್ಲ, ಕುರುಬರು ಸಿಗ್ತಿದ್ರು, ಮೂರು ಕಲ್ಲಿನ ಒಲೆ ಮೇಲೆ ಚಾ ಕಾಯಿಸಿ ಕೊಡ್ತಿದ್ರು. ಕುರಿ ಹಾಲಿನ ಚಾ. ದಪ್ಪ ಅಂದ್ರೆ ದಪ್ಪ, ಮೇಲೆ ಎಣ್ಣೆ ತೇಲ್ತಿತ್ತು, ಆ ವಾಸನೆ, ಕಂಬಳಿ, ಹೊಗೆ, ಹಾಲು ಎಲ್ಲ ಕೂಡಿ. ನಾನು ಮೂಗು ಹಿಡ್ಕೊಂಡು ಕುಡೀತಿದ್ದೆ, ಅಜ್ಜಿ ಬೈತಿದ್ಲು. ಒಂಬತ್ತು ವರ್ಷ ಶಿಕಾಗೊದಲ್ಲಿ ದುಡ್ಡು ಕೊಟ್ಟು ಅದನ್ನೇ ತಿಂದಿದೀನಿ.

ಸರಿ ಇನ್ನೇನು, ಕುರಿಗಳಿಗೆ ನಮ್ಮ ಕಡೆ ಬರ ಇದೆಯಾ. ಬಳ್ಳಾರಿ ಕುರಿ ಅಂತ ತಳಿನೇ ಇದೆ. ಆದ್ರೆ ಹಾಲು? ಯಾವ ಡೇರಿಲೂ ಇಲ್ಲ, ಯಾರೂ ಮಾರಲ್ಲ. ನಮ್ಮ ಯುನಿಟ್ಟಲ್ಲಿ ಕಟಿಂಗ್ ಮಾಡೋ ಹುಡುಗನ ಹೊಲ ಕುರುಗೋಡು ಹತ್ರ, ಜನವರಿಲಿ ಅವರ ಹೊಲದಲ್ಲಿ ಕುರಿ ತರುಬಿದ್ರು, ಗೊಬ್ಬರಕ್ಕೆ. ಹೋದೆ. ಎರೆಹೊಲದ ನಡುವೆ ಬಲೆ ಕಟ್ಟಿ ನಾನೂರು ಕುರಿ, ಒಂದು ಕಡೆ ಬುಟ್ಟಿ ಕೆಳಗೆ ಎಳೆ ಮರಿಗಳು, ಎರಡು ನಾಯಿ, ಅವುಗಳಿಗೆ ನಾನು ಮೊದಲ ನೋಟಕ್ಕೇ ಸರಿಬರಲಿಲ್ಲ.

ಹಿರಿಯರು ಒಬ್ಬರಿದ್ರು, ಅವರ ಹೆಸರು ಬರೆಯಲ್ಲ, ಕೇಳಿಲ್ಲ ನಾನು ಅವರನ್ನ. "ಕಾಕಾ, ಕುರಿ ಹಾಲು ಬೇಕಾಗಿತ್ತು" ಅಂದೆ. ಕೆಮ್ಮಿಗಾ ಅಂತ ಕೇಳಿದ್ರು. ಇಲ್ಲ, ತಿನ್ನೋದು ಮಾಡೋಕೆ ಅಂದೆ. ಎಷ್ಟು ಅಂದ್ರು. ಹತ್ತು ಲೀಟರ್ ಅಂದೆ. ಅಲ್ಲಿದ್ದ ಮೂರೂ ಮಂದಿ ನಕ್ಕಿದ್ದು ಕುರುಗೋಡಿನವರೆಗೂ ಕೇಳಿರಬೇಕು. "ತಮ್ಮಾ, ಇವೇನ್ ಎಮ್ಮಿ ಏನಪಾ? ಕುರಿ ಹಾಲು ನಾವು ಮಾರಂಗಿಲ್ಲ. ಮರಿ ಕುಡಿದು ಉಳಿದ್ರ ನಮ್ಮ ಚಾಕ್ಕ, ಅಷ್ಟ." ಒಂದು ಕುರಿಗೆ ಮರಿ ಕುಡಿದ ಮೇಲೆ ಒಂದು ಲೋಟ ಸಿಕ್ರೆ ಪುಣ್ಯವಂತೆ. ಚಾ ಕೊಟ್ರು. ಕುಡಿದೆ, ಈ ಸಲ ಮೂಗು ಹಿಡೀಲಿಲ್ಲ. ಅದೇ.

ನಾನು ಇನ್ನೊಂದು ಲೋಟ ಕೇಳಿದ್ದಕ್ಕೋ ಏನೋ, ಕಾಕಾ ಸ್ವಲ್ಪ ಮೆತ್ತಗಾದ್ರು. ಏನು ಮಾಡ್ತಿ ಹಾಲಿನಿಂದ ಅಂತ ಕೇಳಿದ್ರು, ಹೇಳಿದೆ, ಗ್ರೀಸ್ ಅನ್ನೋ ದೇಶದಲ್ಲೂ ಕುರಿ ಕಾಯೋರು ಗುಡ್ಡದಿಂದ ಬಯಲಿಗೆ ಬಯಲಿಂದ ಗುಡ್ಡಕ್ಕೆ ಅಲೀತಾರೆ, ಹಾಲು ಒಯ್ಯೋಕಾಗಲ್ಲ ಅಂತ ಗಟ್ಟಿ ಗಡ್ಡೆ ಕಟ್ಟಿ ಉಪ್ಪು ಹಾಕಿ ಇಟ್ಕೋತಾರೆ, ತಿಂಗಳುಗಟ್ಟಲೆ ಕೆಡಲ್ಲ ಅಂತ. ಅವರು ಬೀಡಿ ಆರಿಸಿ "ಕೆಡಂಗಿಲ್ಲ?" ಅಂದ್ರು. ಅದೊಂದು ಅವರಿಗೆ ಭಾಳ ಹಿಡಿಸ್ತು. ಎರಡು ದಿನ ಬಿಟ್ಟು ಬಾ ಅಂದ್ರು. ಹೋದಾಗ ಇಪ್ಪತ್ತೈದು ಕುರಿ ಹಿಂಡಿ ಮೂರೂವರೆ ಲೀಟರ್ ಕ್ಯಾನಲ್ಲಿ ಹಾಕಿಟ್ಟಿದ್ರು. ದುಡ್ಡು ಮುಟ್ಟಲಿಲ್ಲ. "ಕಾಸು ಬ್ಯಾಡ. ಅದೇನ್ ಮಾಡ್ತಿಯೋ ಮಾಡಿ ಒಂದ್ ತುಂಡು ತಂದು ತೋರ್ಸು" ಅಂದ್ರು.

ಮನೇಲಿ ಗಲಾಟೆ ಶುರುವಾಗಿದ್ದು ರೆನೆಟ್ ವಿಷಯಕ್ಕೆ. ಹಾಲು ಹೆಪ್ಪುಗಟ್ಟೋಕೆ ಅದು ಬೇಕು, ಹಳೇ ಪದ್ಧತಿಲಿ ಅದನ್ನ ತೆಗೆಯೋದು ಎಳೆ ಕರು, ಕುರಿಮರಿ ಹೊಟ್ಟೆಯಿಂದ. ನಾನು ಶಿಕಾಗೊದಲ್ಲಿ ವೆಜ್ಜು ವೆಜ್ಜು ಅಂತ ಎದೆ ತಟ್ಕೊಂಡು ತಿಂದಿದ್ರಲ್ಲಿ ಎಷ್ಟು ಸಲ ಅದು ಇತ್ತೋ ಆ ಶಿವನಿಗೇ ಗೊತ್ತು. ಲಿಂಗ ಕಟ್ಟಿದ ಮನೆ, ಅಮ್ಮನ ಮುಂದೆ ಒಪ್ಪಿಕೊಂಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು "ಗೊತ್ತಿಲ್ದ ತಿಂದಿ, ಹೋಗ್ಲಿ ಬಿಡು, ಗೊತ್ತಾದ ಮ್ಯಾಲ ನನ್ನ ಒಲಿ ಮ್ಯಾಲ ಅದು ಬ್ಯಾಡ" ಅಂದ್ರು. ಈಗ ಸೂಕ್ಷ್ಮಜೀವಿಗಳಿಂದ ಮಾಡಿದ ವೆಜ್ ರೆನೆಟ್ ಪುಡಿ ಸಿಗುತ್ತೆ, ಅದನ್ನೇ ತರಿಸಿದೆ. ಡಬ್ಬಿ ಮೇಲಿನ ಹಸಿರು ಚುಕ್ಕೆ ತೋರಿಸಿದ ಮೇಲೇ ಒಲೆ ಬಿಟ್ಟುಕೊಟ್ಟಿದ್ದು.

ಮಾಡೋದು ಇಷ್ಟೇ, ಬರೆಯೋಕೆ ಸುಲಭ. ಹಾಲು 34 ಡಿಗ್ರಿಗೆ ಬೆಚ್ಚಗೆ ಮಾಡಿ ಒಂದು ಚಮಚ ಮೊಸರು, ಅರ್ಧ ಗಂಟೆ ಬಿಟ್ಟು ರೆನೆಟ್ಟು. ಮುಕ್ಕಾಲು ಗಂಟೆಗೆ ಬೆರಳು ಇಟ್ಟು ಎತ್ತಿದ್ರೆ ಗಿಣ್ಣ ಸೀಳಿದಂಗೆ ನೀಟಾಗಿ ಸೀಳಬೇಕು. ಆಮೇಲೆ ಚಾಕುಲಿ ಕುಯ್ದು ಕುಯ್ದು ಅಕ್ಕಿಕಾಳಿನಷ್ಟು ಸಣ್ಣ ಮಾಡಿ, ನಿಧಾನ ತಿರುವ್ತಾ ತಿರುವ್ತಾ 45 ಡಿಗ್ರಿಗೆ ತರಬೇಕು, ಈ ನಿಧಾನ ಅನ್ನೋದೇ ನನ್ನ ಕೈಲಿ ಆಗದ ಕೆಲಸ. ಬಸಿದು ಬಟ್ಟೆಲಿ ಕಟ್ಟಿ, ಒತ್ತೋಕೆ ಗ್ರೀಕರ ಹತ್ರ ಏನಿರುತ್ತೋ, ನಾನು ಒರಳುಕಲ್ಲಿನ ಗುಂಡು ಇಟ್ಟೆ. ತಿಳಿನೀರನ್ನ ಅಮ್ಮ ಚೆಲ್ಲೋಕೆ ಬಿಡಲಿಲ್ಲ, ರೊಟ್ಟಿ ಹಿಟ್ಟು ಕಲಸಿದ್ರು, ಆ ರೊಟ್ಟಿ ಭಾಳ ಮೆತ್ತಗಾಗಿತ್ತು. ಮೂರೂವರೆ ಲೀಟರಿಗೆ ಆರುನೂರು ಗ್ರಾಮ್ ಚೀಸು ಬಂತು, ಹಸುವಿನ ಹಾಲಲ್ಲಿ ಅದರ ಅರ್ಧದ ಮೇಲೆ ಸ್ವಲ್ಪ ಬರ್ತಿತ್ತು ಅಷ್ಟೇ, ಕುರಿ ಹಾಲಲ್ಲಿ ಕೊಬ್ಬು, ಗಟ್ಟಿ ಅಂಶ ಎರಡೂ ಜಾಸ್ತಿ.

ಇಷ್ಟಾದ ಮೇಲೆ ಹಣ್ಣಾಗೋಕೆ ಇಡಬೇಕು. ಕೆಫಾಲೋತಿರಿ ಕನಿಷ್ಠ ಮೂರು ತಿಂಗಳು. ತಂಪು ಬೇಕು, ತೇವ ಬೇಕು, ಬಳ್ಳಾರಿಲಿ ಎರಡೂ ಇಲ್ಲ. ನಾನು ಬುದ್ಧಿವಂತಿಕೆ ಮಾಡಿ ದೊಡ್ಡ ಗಡಿಗೆಲಿ ಒದ್ದೆ ಮರಳು ಹಾಕಿ ಅದರೊಳಗೆ ಇನ್ನೊಂದು ಗಡಿಗೆ ಇಟ್ಟು ಅದರಲ್ಲಿ ಚೀಸು ಇಟ್ಟೆ, ತಂಪೇನೋ ಆಯ್ತು, ಹತ್ತನೇ ದಿನ ನೋಡಿದ್ರೆ ಕಪ್ಪು ಬೂಸ್ಟು, ಬೆಕ್ಕಿನ ಮೈಯಂಗೆ. ಆರುನೂರು ಗ್ರಾಮ್, ಇಪ್ಪತ್ತೈದು ಕುರಿ. ಬಿಸಾಡೋಕೆ ಹೋದಾಗ ಕೈ ಬರಲಿಲ್ಲ ನಿಜ ಹೇಳ್ಬೇಕಂದ್ರೆ. ಕಾಕಾಗೆ ಏನಂತ ಮುಖ ತೋರಿಸೋದು ಅಂತ ಒಂದು ವಾರ ಹೋಗಲಿಲ್ಲ, ಆಮೇಲೆ ಹೋಗಿ ಹೇಳಿದೆ. "ಕೆಡಂಗಿಲ್ಲ ಅಂದಿದ್ದಿಯಲ್ಲ" ಅಂದ್ರು. ಅಷ್ಟೇ ಅಂದಿದ್ದು. ಮತ್ತೆ ಮೂರು ಲೀಟರ್ ಹಿಂಡಿ ಕೊಟ್ರು.

ಎರಡನೇದನ್ನ ಫ್ರಿಜ್ಜಲ್ಲೇ ಇಟ್ಟೆ, ತರಕಾರಿ ಡಬ್ಬಿ ಖಾಲಿ ಮಾಡಿಸಿ, ಪಂಚೆ ತುಂಡಲ್ಲಿ ಸುತ್ತಿ, ದಿನಾ ರಾತ್ರಿ ಊಟ ಆದಮೇಲೆ ಮಗ್ಗುಲು ಬದಲಾಯಿಸಿ, ಎರಡು ದಿನಕ್ಕೊಮ್ಮೆ ಉಪ್ಪುನೀರಲ್ಲಿ ಒರೆಸಿ. ಹೆಂಡ್ತಿ "ರೀ, ಮಗಳನ್ನ ಸಣ್ಣಾಕಿದ್ದಾಗ ಇಷ್ಟು ಸಲ ಮಗ್ಗಲಾ ಹೊರಳ್ಸಿಲ್ಲ ನೀವು" ಅಂತ ಹಂಗಿಸಿದ್ಲು. ಕೊತ್ತಂಬರಿ ಹೊರಗೆ ಬಾಡ್ತಿತ್ತು. ಮೂರು ತಿಂಗಳು ತಡ್ಕೋಬೇಕು ಅಂತ ಇದ್ದೆ, ನಲವತ್ತನೇ ದಿನಕ್ಕೆ ಸೋತೆ.

ಬೆಂಗಳೂರು ರೋಡಲ್ಲಿ ಪಾತ್ರೆ ಅಂಗಡಿಲಿ ಎರಡು ಕಿವಿ ಇರೋ ಸಣ್ಣ ಕಬ್ಬಿಣದ ಬಾಣಲಿ ತಂದಿಟ್ಟಿದ್ದೆ. ಗಡ್ಡೆನ ಅರ್ಧ ಕುಯ್ದೆ. ಒಂದು ಬೆರಳು ದಪ್ಪ ತುಂಡು, ನೀರಲ್ಲಿ ಅದ್ದಿ ಹಿಟ್ಟಲ್ಲಿ ಹೊರಳಿಸಿ, ಮೈದಾ ಬದಲು ಅರ್ಧ ಜೋಳದ ಹಿಟ್ಟು ಹಾಕಿದ್ದೆ, ಎಣ್ಣೆ ಕಾದ ಮೇಲೆ ಬಿಟ್ಟೆ. ಉಸಿರು ಹಿಡ್ಕೊಂಡು ನಿಂತಿದ್ದೆ. ಅಂಚು ಸ್ವಲ್ಪ ಸೋತು ಎಣ್ಣೆಗೆ ಇಳೀತು, ಹೋಯ್ತು ಅನ್ಕೊಂಡೆ, ಅಷ್ಟರಲ್ಲಿ ಹಿಟ್ಟು ಕೆಂಪಾಗಿ ಹಿಡ್ಕೊಂತು. ತಿರುವಿ ಹಾಕಿದೆ. ನಿಂತಿತ್ತು!

ಬೆಂಕಿ ಹಚ್ಚೋದು ಇತ್ತಲ್ಲ ಅಂತ ಮಗಳು ಪಟ್ಟು ಹಿಡಿದ್ಲು, ಶಿಕಾಗೊ ವಿಡಿಯೋ ತೋರಿಸಿದ್ದೇ ತಪ್ಪಾಯ್ತು. ನಮ್ಮ ಮನೇಲಿ ಬ್ರಾಂಡಿ ಎಲ್ಲಿಂದ ಬರಬೇಕು. ಅಮ್ಮ ವಿಡಿಯೋ ನೋಡಿ "ಇದೇನು ಚೀಸಿಗೆ ಮಂಗಳಾರತಿ ಮಾಡ್ತಾರಲ್ಲೋ, ಕರ್ಪೂರ ಕೊಡ್ಲೇನು?" ಅಂದ್ರು, ಅಪ್ಪ ನಕ್ಕೂ ನಕ್ಕೂ ಮಂಡಿನೋವು ಮರೆತ್ರು. ನಿಂಬೆ ಹಿಂಡಿದೆ, ಬೆಂಕಿ ಇಲ್ದಿದ್ರೂ ಮಗಳು ಓಪಾ ಅಂತ ಕೂಗಿದ್ಲು, ಪಕ್ಕದ ಮನೆಯೋರು ಕಿಟಕಿ ತೆಗೆದು ನೋಡಿದ್ರು.

ಹೆಂಗಿತ್ತು ಅಂದ್ರೆ, ಉಪ್ಪು ಜಾಸ್ತಿ, ಒಳಗೆ ಇನ್ನೂ ಸ್ವಲ್ಪ ಹಸಿ, ಶಿಕಾಗೊದಷ್ಟು ಘಾಟು ಇಲ್ಲ, ಅದು ಇನ್ನೂ ಐವತ್ತು ದಿನ ಇಟ್ಟಿದ್ರೆ ಬರ್ತಿತ್ತೇನೋ. ಜೋಳದ ಹಿಟ್ಟಿನ ಗರಿ ಮಾತ್ರ ಅವರಿಗಿಂತ ಚೆನ್ನಾಗಿತ್ತು, ಇದನ್ನ ಯಾವ ಗ್ರೀಕರ ಮುಂದೆ ಬೇಕಾದ್ರೂ ಹೇಳ್ತೀನಿ. ವಾಸನೆ ಅದೇ. ಅಮ್ಮನೂ ಒಂದು ತುಂಡು ಬಾಯಿಗೆ ಹಾಕ್ಕೊಂಡು ಸುಮ್ನೆ ಅಗೀತಾ ಇದ್ರು, ಆಮೇಲೆ "ನಿಮ್ಮಜ್ಜಿ ಇದ್ದಿದ್ರ ತಿಂತಿದ್ಲು" ಅಂದು ಎದ್ದು ಹೋದ್ರು. ನಾನು ಫೋಟೋ ತೆಗೆಯೋಕೆ ಬೆಳಕು ಹುಡುಕ್ತಾ ಕೂತಿದ್ದೆ, ನನ್ನ ಕೊನೇ ತುಂಡು ತಣ್ಣಗಾಯ್ತು. ಸಾಗನಾಕಿ ತಣ್ಣಗಾದ್ರೆ ಚಪ್ಪಲಿ ಅಟ್ಟೆ, ಬಾಯಿಗೆ ಹಾಕ್ಕೊಳೋಕಾಗಲ್ಲ.

ಅದೇ ಈಗಿರೋ ತೊಂದ್ರೆ. ಕಾಕಾಗೆ ಒಂದು ತುಂಡು ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ, ಉಳಿದ ಅರ್ಧ ಗಡ್ಡೆ ಫ್ರಿಜ್ಜಲ್ಲಿದೆ, ಬಾಮೈದ ಮೂಗು ಮುಚ್ಕೊಂಡಿದ್ದು ಅದಕ್ಕೇ. ಕುರುಗೋಡಿಗೆ ಫೋನ್ ಮಾಡಿ ವಿಚಾರಿಸಿದ್ರೆ ಕುರಿ ಎದ್ದು ಹದಿನೈದು ದಿನ ಆಯ್ತಂತೆ. ಕಟಿಂಗ್ ಹುಡುಗನ ಹತ್ರ ನಂಬರ್ ತಗೊಂಡು ಕಾಕಾಗೆ ಹಚ್ಚಿದೆ, ಗಾಳಿ ಸದ್ದು, ನಾಯಿ ಸದ್ದು, ಮಧ್ಯೆ ಅವರ ದನಿ. ಚೀಸು ಆಗೈತಿ ಕಾಕಾ, ಕರಿದು ತರಬೇಕು, ತರೋದ್ರೊಳಗೆ ತಣ್ಣಗಾದ್ರೆ ತಿನ್ನಕ್ಕಾಗಲ್ಲ, ಏನ್ ಮಾಡ್ಲಿ ಅಂತ ಕೇಳಿದೆ. "ಯಾಕ್ ಕರಿದು ತರ್ತೀ? ಸಿರಗುಪ್ಪಿ ದಾಟಿ ಹೊಳಿ ದಂಡ್ಯಾಗ ಇದೀವಿ, ಹಂಗ ತಗೊಂಡ್ ಬಾ, ಇಲ್ಲೇ ಒಲಿ ಐತಿ" ಅಂದ್ರು. ಕೆಟ್ಟಿಲ್ಲಲ್ಲ ಅಂತ ಇನ್ನೊಮ್ಮೆ ಕೇಳಿ ಇಟ್ರು.

ಭಾನುವಾರ ಹೋಗ್ತೀನಿ. ಬಾಣಲಿ, ಎಣ್ಣೆ, ಜೋಳದ ಹಿಟ್ಟು ಚೀಲಕ್ಕೆ ಹಾಕಿಟ್ಟಿದೀನಿ, ನಾಯಿಗಳಿಗೆ ಬಿಸ್ಕೀಟು. ನಿಂಬೆಹಣ್ಣು ಬೆಳಗ್ಗೆ ಹೋಗ್ತಾ ದಾರಿಲಿ ತಗೋಬೇಕು, ಬಿಸಿಲಿಗೆ ರೇಟು ಏರಿದೆ, ಮೊನ್ನೆ ಒಂದಕ್ಕೆ ಹತ್ತು ರೂಪಾಯಿ ಅಂದ.